ಕುಂಡದಲ್ಲಿ ಘಮದ ಸೊಪ್ಪು: ನೀರಿಗೆ ಹಿಡಿತ, ಕತ್ತರಿಗೆ ಕೆಲಸ

ಕುಂಡದಲ್ಲಿ ಬೆಳೆಸಿದ ಪುದೀನ, ಬೇಸಿಲ್, ರೋಸ್ಮೆರಿ ಹಾಳಾಗುವುದಕ್ಕೆ ಹೆಚ್ಚಾಗಿ ಎರಡೇ ಕಾರಣ. ನೀರು ಜಾಸ್ತಿಯಾಗಿರುತ್ತದೆ, ಇಲ್ಲವೇ ಕತ್ತರಿ ಕಡಿಮೆಯಾಗಿರುತ್ತದೆ. ಗೊಬ್ಬರ, ಹುಳು, ರೋಗ ಎಲ್ಲ ಆಮೇಲಿನ ಮಾತು. ನರ್ಸರಿಯಿಂದ ತರುವಾಗ ಗಿಡ ಚೆನ್ನಾಗಿಯೇ ಇರುತ್ತದೆ. ಮನೆಗೆ ಬಂದ ಎರಡು ಮೂರು ವಾರಕ್ಕೆ ಕೆಳಗಿನ ಎಲೆ ಹಳದಿಯಾಗುತ್ತದೆ. ಪಾಪ, ಬಾಯಾರಿರಬೇಕು ಎಂದು ಇನ್ನೊಂದು ಚೊಂಬು ನೀರು ಸುರಿಯುತ್ತೇವೆ. ಬೇರು ಅದಾಗಲೇ ಕೊಳೆಯುತ್ತಿರುತ್ತದೆ, ಮೇಲೆ ಬಿದ್ದ ನೀರು ಅದನ್ನು ಮುಗಿಸುತ್ತದೆ. ಇನ್ನು ಕೆಲವರು ಗಿಡ ಚೆನ್ನಾಗಿ ಬೆಳೆಯಲಿ ಎಂದು ಒಂದೆಲೆಯನ್ನೂ ಮುಟ್ಟುವುದಿಲ್ಲ. ಅದು ಉದ್ದಕ್ಕೆ ಹೋಗಿ, ಹೂ ಬಿಟ್ಟು, ಬೀಜ ಕಟ್ಟಿ ತನ್ನ ಪಾಡಿಗೆ ಒಣಗುತ್ತದೆ.

ಗಿಡದ ಸ್ವಭಾವ

ಈ ಸೊಪ್ಪುಗಳನ್ನು ಎರಡು ಗುಂಪು ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಕೊತ್ತಂಬರಿ, ಪುದೀನ, ಪಾರ್ಸ್ಲಿ, ಸಬ್ಬಸಿಗೆ, ಮೆಂತ್ಯ, ಈರುಳ್ಳಿ ಜಾತಿಯ ಚೈವ್ಸ್, ನಿಂಬೆಹುಲ್ಲು ಮತ್ತು ನಾವು ಕಾಮಕಸ್ತೂರಿ ಎನ್ನುವ ಬೇಸಿಲ್ ಒಂದು ಕಡೆ. ಇವುಗಳಿಗೆ ಮಣ್ಣಿನಲ್ಲಿ ಸದಾ ತೇವ ಇರಬೇಕು, ಒಂದಿಷ್ಟು ಗೊಬ್ಬರವೂ ಬೇಕು. ರೋಸ್ಮೆರಿ, ಥೈಮ್, ಒರೆಗಾನೊ, ಸೇಜ್ ಇನ್ನೊಂದು ಕಡೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲುಗುಡ್ಡಗಳಲ್ಲಿ, ಒಣ ಬಿಸಿಲಿನಲ್ಲಿ ಬೆಳೆದು ಬಂದ ಗಿಡಗಳಿವು. ಬಡ ಮಣ್ಣು ಸಾಕು, ಎರಡು ನೀರಿನ ನಡುವೆ ಬೇರು ಒಣಗಿ ಉಸಿರಾಡಬೇಕು. ದೊಡ್ಡಪತ್ರೆ ಬೇರೆ ಕುಲದ್ದಾದರೂ ಅದರ ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವುದರಿಂದ ನೀರಿನ ಲೆಕ್ಕಕ್ಕೆ ಈ ಎರಡನೇ ಗುಂಪಿಗೇ ಸೇರಿಸಬಹುದು.

ಎಲೆ ನೋಡಿದರೂ ಗೊತ್ತಾಗುತ್ತದೆ. ಮೆತ್ತಗೆ, ತೆಳ್ಳಗೆ, ಅಗಲವಾಗಿದ್ದರೆ ನೀರು ಕೇಳುವ ಗಿಡ. ಸೂಜಿಯಂತೆ, ಗಟ್ಟಿಯಾಗಿ, ಇಲ್ಲವೇ ಬೂದು ರೋಮ ಹೊದ್ದಂತೆ ಇದ್ದರೆ ಒಣಗು ಸಹಿಸುವ ಗಿಡ. ಎರಡೂ ಗುಂಪಿನವನ್ನು ಒಂದೇ ಕುಂಡದಲ್ಲಿ ಕೂರಿಸಬೇಡಿ. ಒಂದು ಚೆಂದದ ಬುಟ್ಟಿಯಲ್ಲಿ ಬೇಸಿಲ್, ರೋಸ್ಮೆರಿ, ಥೈಮ್ ಜೋಡಿಸಿ ಉಡುಗೊರೆಗೆಂದು ಮಾರುತ್ತಾರಲ್ಲ, ಅದು ಫೋಟೋಗೆ ಸರಿ. ಬೇಸಿಲ್‌ಗೆ ಬೇಕಾದಷ್ಟು ನೀರು ಹಾಕಿದರೆ ರೋಸ್ಮೆರಿ ಕೊಳೆಯುತ್ತದೆ, ರೋಸ್ಮೆರಿಗೆ ತಕ್ಕಂತೆ ಹಾಕಿದರೆ ಬೇಸಿಲ್ ಬಾಡುತ್ತದೆ.

ಬಿಸಿಲು

ಎರಡನೇ ಗುಂಪಿಗೆ ದಿನಕ್ಕೆ 6 ಗಂಟೆ ನೇರ ಬಿಸಿಲು ಇರಲೇಬೇಕು, ಬೇಸಿಲ್‌ಗೂ ಅಷ್ಟೇ. ಪುದೀನ, ಪಾರ್ಸ್ಲಿ, ಕೊತ್ತಂಬರಿ, ಚೈವ್ಸ್ 3–4 ಗಂಟೆಯ ಬಿಸಿಲಿನಲ್ಲೂ ಬರುತ್ತವೆ. ಬೇಸಗೆಯ ಮಧ್ಯಾಹ್ನದ ಉರಿಬಿಸಿಲು ಇವಕ್ಕೆ ತಪ್ಪಿದರೇ ಒಳ್ಳೆಯದು. ಇಟ್ಟ ಜಾಗದಲ್ಲಿ ಬೆಳಕು ಎಷ್ಟಿದೆ ಎಂದು ಅಳೆಯಲು ಉಪಕರಣ ಬೇಕಿಲ್ಲ. ನಡುಹಗಲಿನಲ್ಲಿ ಕುಂಡ ಇಡುವ ಕಡೆ ಒಂದು ಬಿಳಿ ಹಾಳೆ ಹಾಕಿ, ಒಂದಡಿ ಮೇಲೆ ಕೈ ಹಿಡಿಯಿರಿ. ಬೆರಳುಗಳ ನೆರಳಿನ ಅಂಚು ಸ್ಪಷ್ಟವಾಗಿ ಕಂಡರೆ ಬೆಳಕು ಸಾಕಷ್ಟಿದೆ. ನೆರಳು ಮಸುಕಾಗಿ ಕಂಡರೆ ಪುದೀನಕ್ಕೆ ಸಾಕು. ನೆರಳೇ ಬೀಳದಿದ್ದರೆ ಅಲ್ಲಿ ಯಾವ ಸೊಪ್ಪೂ ಬೇಡ.

ಕಿಟಕಿಯ ಪಕ್ಕದ ಗಿಡ ಬೆಳಕಿನ ಕಡೆಗೇ ವಾಲುತ್ತದೆ. ಎರಡು ಮೂರು ದಿನಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ. ಬಿಸಿಲೇ ಇಲ್ಲದ ಮನೆಯಲ್ಲಿ ಗಿಡ ಬೆಳೆಸಲೆಂದೇ ಮಾರುವ ಎಲ್‌ಇಡಿ ದೀಪ (ಗ್ರೋ ಲೈಟ್) ಹಾಕುವುದಾದರೆ ಗಿಡದ ತುದಿಯಿಂದ 20–30 ಸೆಂ.ಮೀ. ಮೇಲೆ ಕಟ್ಟಿ ದಿನಕ್ಕೆ 12–14 ಗಂಟೆ ಉರಿಸಿ. ಕೊತ್ತಂಬರಿ, ಸಬ್ಬಸಿಗೆಗೆ ಮಾತ್ರ 12 ದಾಟಿಸಬೇಡಿ, ಹಗಲು ಉದ್ದವಾದಷ್ಟೂ ಅವು ಬೇಗ ಹೂವಿಗೆ ತಿರುಗುತ್ತವೆ.

ಕುಂಡ

ಕುಂಡದ ಅಂದಕ್ಕಿಂತ ಅದರ ಆಳ, ತಳದ ತೂತು ಮುಖ್ಯ. ತೂತಿಲ್ಲದ ಪಿಂಗಾಣಿ ಪಾತ್ರೆ ಎಷ್ಟೇ ಚೆಂದವಿರಲಿ, ಅದನ್ನು ಹೊರಗಿನ ಕವಚವಾಗಿ ಬಳಸಿ, ಒಳಗೆ ತೂತಿರುವ ಪ್ಲಾಸ್ಟಿಕ್ ಕುಂಡ ಇಡಿ. 20 ಸೆಂ.ಮೀ. ಅಗಲದ ಕುಂಡಕ್ಕೆ ಸುಮಾರು 1 ಸೆಂ.ಮೀ.ನ ನಾಲ್ಕೈದು ತೂತುಗಳಾದರೂ ಇರಲಿ.

ಕೊತ್ತಂಬರಿ, ಸಬ್ಬಸಿಗೆ, ಪಾರ್ಸ್ಲಿ ತಾಯಿಬೇರು ಇಳಿಸುವ ಗಿಡಗಳು. ಇವಕ್ಕೆ 20–25 ಸೆಂ.ಮೀ. ಆಳ ಬೇಕು. ಆಳ ಕಡಿಮೆಯಾದರೆ ಬೇರು ಬೇಗ ತಳ ಮುಟ್ಟುತ್ತದೆ, ಗಿಡ ಒತ್ತಡಕ್ಕೆ ಬಿದ್ದು ಅವಸರದಲ್ಲಿ ಹೂ ಬಿಡುತ್ತದೆ. ಥೈಮ್, ಒರೆಗಾನೊ, ಮೆಂತ್ಯಕ್ಕೆ 15 ಸೆಂ.ಮೀ. ಸಾಕು. ಒಂದು ಬೇಸಿಲ್ ಗಿಡಕ್ಕೆ 4–5 ಲೀಟರ್ ಮಣ್ಣು ಹಿಡಿಯುವ ಕುಂಡ, ಬಲಿತ ರೋಸ್ಮೆರಿಗೆ 10 ಲೀಟರ್, ನಿಂಬೆಹುಲ್ಲಿಗೆ 15–20 ಲೀಟರ್. ಪುದೀನಕ್ಕೆ ಆಳಕ್ಕಿಂತ ಅಗಲ ಇರಲಿ, ಒಂಟಿಯಾಗಿಯೂ ಇರಲಿ. ಅದರ ಹಬ್ಬುಬೇರು ಒಂದು ಋತುವಿನಲ್ಲಿ ಪಕ್ಕದ ಗಿಡಗಳನ್ನೆಲ್ಲ ಮೂಲೆಗೆ ತಳ್ಳಿಬಿಡುತ್ತದೆ.

ಕುಂಡ ಎಷ್ಟು ಲೀಟರ್ ಹಿಡಿಯುತ್ತದೆ ಎಂದು ಗೊತ್ತಿಲ್ಲದಿದ್ದರೆ ಅರ್ಧ ಅಗಲವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ಎತ್ತರದಿಂದ ಗುಣಿಸಿ, 1000ದಿಂದ ಭಾಗಿಸಿ. ಅಳತೆ ಎಲ್ಲ ಸೆಂಟಿಮೀಟರ್‌ನಲ್ಲಿ. 25 ಅಗಲ, 22 ಎತ್ತರದ ನೇರ ಕುಂಡ ಸುಮಾರು 10.8 ಲೀಟರ್. ಕೆಳಗೆ ಕಿರಿದಾಗುವ ಕುಂಡವಾದರೆ ಒಂದೆರಡು ಲೀಟರ್ ಕಳೆಯಿರಿ.

ಮಣ್ಣಿನ ಕುಂಡ ಗೋಡೆಯಿಂದಲೂ ನೀರು ಆರಿಸುತ್ತದೆ, ಹಾಗಾಗಿ ಒಣಗು ಬಯಸುವ ಗಿಡಗಳಿಗೆ ಒಳ್ಳೆಯದು. ಪ್ಲಾಸ್ಟಿಕ್ ತೇವ ಹಿಡಿದಿಡುತ್ತದೆ, ಪುದೀನ, ಪಾರ್ಸ್ಲಿಗೆ ಅನುಕೂಲ. ಕಪ್ಪು ಪ್ಲಾಸ್ಟಿಕ್ ಉರಿಬಿಸಿಲಲ್ಲಿ ಬೇರನ್ನೇ ಬೇಯಿಸುತ್ತದೆ, ಅದನ್ನು ಇನ್ನೊಂದು ಕುಂಡದ ನೆರಳಿಗೆ ಸರಿಸಿ.

ಮಣ್ಣಿನ ಮಿಶ್ರಣ

ತೋಟದ ಮಣ್ಣನ್ನು ಹಾಗೆಯೇ ತುಂಬಿದರೆ ಹತ್ತಾರು ಸಲ ನೀರು ಹಾಕುವಷ್ಟರಲ್ಲಿ ಅದು ಇಟ್ಟಿಗೆಯಂತೆ ಬಿಗಿಯಾಗುತ್ತದೆ. ನೆಲದಲ್ಲಿ ಎರೆಹುಳು, ಬೇರು, ಸೂಕ್ಷ್ಮಜೀವಿಗಳು ಮಣ್ಣನ್ನು ಸಡಿಲ ಮಾಡುತ್ತಿರುತ್ತವೆ. ಕುಂಡದಲ್ಲಿ ಆ ಕೆಲಸ ಮಾಡುವವರಿಲ್ಲ.

ನೀರು ಕೇಳುವ ಗುಂಪಿಗೆ: 4 ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), 3 ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ, 3 ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಇಲ್ಲವೇ ದಪ್ಪ ಮರಳು.

ಒಣಗು ಸಹಿಸುವ ಗುಂಪಿಗೆ: 3 ಪಾಲು ಕೋಕೋಪೀಟ್, 2 ಪಾಲು ಕಾಂಪೋಸ್ಟ್, 5 ಪಾಲು ಪರ್ಲೈಟ್ ಅಥವಾ ದಪ್ಪ ಮರಳು.

ಪಾಲು ಎಂದರೆ ಅಳತೆ, ತೂಕವಲ್ಲ. ಒಂದೇ ಡಬ್ಬಿಯಲ್ಲಿ ಅಳೆಯಿರಿ. ಮರಳು ಸಕ್ಕರೆ ಹರಳಿಗಿಂತ ದಪ್ಪಗಿರಲಿ. ನುಣ್ಣನೆಯ ಮರಳು ಸಂದುಗಳನ್ನು ತುಂಬಿ, ನೀರು ಬಸಿಯುವುದನ್ನು ತಡೆಯುತ್ತದೆ. ಕಡಲತೀರದ ಮರಳಿನಲ್ಲಿ ಉಪ್ಪಿರುತ್ತದೆ, ಬೇಡವೇ ಬೇಡ. 650 ಗ್ರಾಂನ ಕೋಕೋಪೀಟ್ ಇಟ್ಟಿಗೆ ನೆನೆದ ಮೇಲೆ ಸುಮಾರು 8 ಲೀಟರ್ ಆಗುತ್ತದೆ. ತೊಳೆದದ್ದು ಎಂದು ಪೊಟ್ಟಣದ ಮೇಲೆ ಬರೆದಿಲ್ಲದಿದ್ದರೆ ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ, ಅದರಲ್ಲೂ ಉಪ್ಪಿನಂಶ ಉಳಿದಿರುತ್ತದೆ. ಮಿಶ್ರಣವನ್ನು ಒಂದು ಮುಷ್ಟಿ ಹಿಡಿದು ಹಿಸುಕಿ: ಉಂಡೆಯಾಗಿ ನಿಲ್ಲಬೇಕು, ಬೆರಳಿನಿಂದ ಮುಟ್ಟಿದರೆ ಉದುರಬೇಕು.

ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಎಲ್ಲೆಲ್ಲೂ ಇದೆ. ಆಗುವುದು ಉಲ್ಟಾ. ಸಣ್ಣ ಸಂದುಗಳ ಮಿಶ್ರಣದಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಪದರ ಪೂರ್ತಿ ತೊಯ್ದು ತುಂಬುವವರೆಗೆ ಅಲ್ಲೇ ನಿಂತಿರುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಎತ್ತಿ ಹಿಡಿಯಿರಿ: ಒಂದಿಷ್ಟು ನೀರು ತೊಟ್ಟಿಕ್ಕಿ ನಿಲ್ಲುತ್ತದೆ, ಆದರೆ ಸ್ಪಂಜಿನ ಕೆಳ ಅಂಚು ತೊಪ್ಪೆಯಾಗಿಯೇ ಇರುತ್ತದೆ. ಕುಂಡದ ತಳದಲ್ಲೂ ಅಂಥದ್ದೊಂದು ಒದ್ದೆ ಪದರ ಇರುತ್ತದೆ. ಜಲ್ಲಿ ಹಾಕಿದಾಗ ಆ ಪದರ ಹೋಗುವುದಿಲ್ಲ, ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ ಅಷ್ಟೇ. ಮಣ್ಣು ಸೋರದಂತೆ ತೂತಿನ ಮೇಲೆ ಸೊಳ್ಳೆಪರದೆಯ ತುಂಡೊಂದು ಸಾಕು.

ಕುಂಡವನ್ನು ಅಂಚಿನವರೆಗೆ ತುಂಬಬೇಡಿ. ನೀರು ನಿಂತು ಇಳಿಯಲು ಮೇಲೆ 2–3 ಸೆಂ.ಮೀ. ಬಿಡಿ.

ಬೀಜದಿಂದ

ಕೊತ್ತಂಬರಿ ಹುಟ್ಟುವುದೇ ಇಲ್ಲ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ನಾವು ಬೀಜ ಎನ್ನುವ ಆ ದುಂಡನೆಯ ಕಾಳು ನಿಜವಾಗಿ ಒಂದು ಒಣ ಹಣ್ಣು, ಅದರೊಳಗೆ ಎರಡು ಬೀಜ. ಕಾಳುಗಳನ್ನು ಬಟ್ಟೆಯ ಮೇಲೆ ಹರಡಿ, ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ. ಚಟ್ ಎಂದು ಎರಡು ಹೋಳಾಗಬೇಕು, ಪುಡಿಯಾಗಬಾರದು. ಹೋಳುಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಗ್ಗೆ ನೀರು ಬಸಿದು, ತೇವದ ಮಿಶ್ರಣದಲ್ಲಿ 1 ಸೆಂ.ಮೀ. ಆಳಕ್ಕೆ ಬಿತ್ತಿ. ಒಂದು ಹೋಳಿಗೂ ಇನ್ನೊಂದಕ್ಕೂ 2–3 ಸೆಂ.ಮೀ. ಅಂತರ ಸಾಕು. ಮೇಲೆ ಮಿಶ್ರಣ ಮುಚ್ಚಿ, ಅಂಗೈಯಿಂದ ಮೆಲ್ಲಗೆ ಒತ್ತಿ. ನೀರನ್ನು ಚೊಂಬಿನಿಂದ ಸುರಿಯದೆ ಚಿಮುಕಿಸಿ, ಇಲ್ಲದಿದ್ದರೆ ಬೀಜವೆಲ್ಲ ಒಂದು ಮೂಲೆಗೆ ತೇಲಿ ಹೋಗುತ್ತದೆ. ಮೊಳಕೆಗೆ 7ರಿಂದ 14 ದಿನ. ಅಷ್ಟು ದಿನ ಮೇಲ್ಪದರ ಒಮ್ಮೆಯೂ ಒಣಗಬಾರದು. ಅಡುಗೆಗೆಂದು ಮಾರುವ ಕಾಳೂ ಎಷ್ಟೋ ಸಲ ಹುಟ್ಟುತ್ತದೆ. ಹಳೆಯದಾದರೆ, ಇಲ್ಲವೇ ಬಿಸಿ ಮಾಡಿದ್ದಾದರೆ ಹುಟ್ಟದು.

ಸಸಿ ಕಿತ್ತು ಬೇರೆಡೆ ನೆಡಬೇಡಿ. ತಾಯಿಬೇರು ಮುರಿದರೆ ಕೊತ್ತಂಬರಿ ಸುಧಾರಿಸಿಕೊಳ್ಳುವುದಕ್ಕಿಂತ ಹೂಕಡ್ಡಿ ಎತ್ತುವುದೇ ಹೆಚ್ಚು. ಬಿತ್ತಿದ 5–6 ವಾರಕ್ಕೆ ಕೊಯ್ಲು, ಅದಾಗಿ ಕೆಲವೇ ವಾರದಲ್ಲಿ ಹೂ. ಸೆಕೆಯಲ್ಲಿ ಇನ್ನೂ ಬೇಗ. ಹೂ ತಡೆಯಲು ಏನೇನೋ ಸರ್ಕಸ್ ಮಾಡುವುದಕ್ಕಿಂತ ಎರಡು ಮೂರು ವಾರಕ್ಕೊಮ್ಮೆ ಇನ್ನೊಂದು ಕುಂಡ ಬಿತ್ತುವುದು ಜಾಣತನ. ಮೂರು ಕುಂಡ ಸರದಿಯಲ್ಲಿದ್ದರೆ ಸೊಪ್ಪು ತಪ್ಪುವುದಿಲ್ಲ.

ಸಬ್ಬಸಿಗೆಯ ಬೀಜವನ್ನು ಮಣ್ಣಿನ ಮೇಲೆ ಉದುರಿಸಿ ಒತ್ತಿದರೆ ಆಯಿತು, ಮೊಳೆಯಲು ಬೆಳಕು ನೆರವಾಗುತ್ತದೆ. ಪಾರ್ಸ್ಲಿಗೆ ತಾಳ್ಮೆ ಬೇಕು, 3–4 ವಾರವೂ ಹಿಡಿಯಬಹುದು. ಬೀಜ ಸತ್ತಿತೆಂದು ಕುಂಡ ಕೆದಕಿದವರೇ ಹೆಚ್ಚು. ಬೇಸಿಲ್ ಬೆಚ್ಚಗಿದ್ದರೆ ವಾರದೊಳಗೆ ಹುಟ್ಟುತ್ತದೆ. ನೀರು ತಾಗಿದೊಡನೆ ಬೀಜದ ಸುತ್ತ ಲೋಳೆ ಕಟ್ಟುತ್ತದೆ, ಅದು ಬೂಷ್ಟಲ್ಲ. ಮೆಂತ್ಯಕ್ಕೆ ಉಪದೇಶವೇ ಬೇಡ, 8 ಗಂಟೆ ನೆನೆಸಿ ಬಿತ್ತಿದರೆ ನಾಲ್ಕೈದು ದಿನಕ್ಕೆ ಹಸಿರು.

ಕಡ್ಡಿಯಿಂದ

ಪುದೀನ, ಬೇಸಿಲ್, ದೊಡ್ಡಪತ್ರೆ, ರೋಸ್ಮೆರಿಗೆ ಕಡ್ಡಿಯೇ ಸುಲಭದ ದಾರಿ. ರೋಸ್ಮೆರಿ ಬೀಜ ಸರಿಯಾಗಿ ಹುಟ್ಟುವುದೂ ಕಷ್ಟ, ಬೆಳೆಯುವುದೂ ನಿಧಾನ.

10 ಸೆಂ.ಮೀ. ಉದ್ದದ, ಹೂ ಬಿಡದ ತುದಿಕಡ್ಡಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಕೆಳ ಅರ್ಧದ ಎಲೆ ತೆಗೆಯಿರಿ. ಪುದೀನ, ಬೇಸಿಲ್‌ಗಳನ್ನು ಲೋಟದ ನೀರಿನಲ್ಲಿ ನಿಲ್ಲಿಸಿ, ನೇರ ಬಿಸಿಲು ತಾಗದ ಬೆಳಕಿನಲ್ಲಿಡಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಒಂದೆರಡು ವಾರಕ್ಕೆ ಬೇರು ಬರುತ್ತದೆ. ಬೇರು 3–4 ಸೆಂ.ಮೀ. ಆದಾಗ ನೆಟ್ಟುಬಿಡಿ. ನೀರಿನಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಆ ಬೇರು ಮಣ್ಣಿಗೆ ಒಗ್ಗಿಕೊಳ್ಳಲು ಒದ್ದಾಡುತ್ತದೆ. ರೋಸ್ಮೆರಿಯನ್ನು ಒದ್ದೆ ಮಾಡಿದ ಪರ್ಲೈಟ್ ಅಥವಾ ಮರಳಿನಲ್ಲಿ ಚುಚ್ಚಿ, 4–8 ವಾರ ಕಾಯಿರಿ. ಐದು ಕಡ್ಡಿ ಚುಚ್ಚಿದರೆ ಎರಡು ಮೂರು ಹತ್ತಿದರೂ ಸಂತೋಷ. ದೊಡ್ಡಪತ್ರೆಯ ಕಡ್ಡಿಯನ್ನು ಒಂದು ದಿನ ನೆರಳಲ್ಲಿ ಬಿಟ್ಟು, ಕತ್ತರಿಸಿದ ಬಾಯಿ ಒಣಗಿದ ಮೇಲೆ ಮಣ್ಣಿಗೆ ಚುಚ್ಚಿ. ನಿಂಬೆಹುಲ್ಲಿನ ದಂಟು ಬುಡದ ಗಡ್ಡೆಯ ಸಮೇತ ಸಿಕ್ಕರೆ 5 ಸೆಂ.ಮೀ. ನೀರಿನಲ್ಲಿ ನಿಲ್ಲಿಸಿ, ಎರಡು ಮೂರು ವಾರಕ್ಕೆ ಬೇರು.

ಸೂಪರ್‌ಮಾರ್ಕೆಟ್‌ನ ಬೇಸಿಲ್ ಕುಂಡ ಬೇಗ ಸಾಯುವುದೇಕೆಂದರೆ ಅದು ಒಂದು ಗಿಡವಲ್ಲ. ದಟ್ಟವಾಗಿ ಕಾಣಲೆಂದು ಇಪ್ಪತ್ತಕ್ಕೂ ಹೆಚ್ಚು ಸಸಿ ಒತ್ತೊತ್ತಾಗಿ ತುಂಬಿರುತ್ತಾರೆ. ತಂದ ದಿನವೇ ಬೇರಿನ ಮುದ್ದೆಯನ್ನು ನೆನೆಸಿ, ನಾಲ್ಕು ಪಾಲು ಮಾಡಿ, ಬೇರೆ ಬೇರೆ ಕುಂಡದಲ್ಲಿ ನೆಟ್ಟು, ಮೂರನೇ ಒಂದರಷ್ಟು ಎತ್ತರ ಕತ್ತರಿಸಿ ಎರಡು ದಿನ ನೆರಳಿನಲ್ಲಿಡಿ.

ನೀರು

ದಿನಕ್ಕಿಷ್ಟು ಎಂಬ ಲೆಕ್ಕ ನಡೆಯುವುದಿಲ್ಲ. ಬಿಸಿಲು, ಗಾಳಿ, ಕುಂಡ, ಗಿಡದ ಗಾತ್ರ ಎಲ್ಲ ಸೇರಿ ಅದು ಬದಲಾಗುತ್ತಲೇ ಇರುತ್ತದೆ. ಬೆರಳನ್ನು ಎರಡನೇ ಗೆರೆಯವರೆಗೆ ಮಣ್ಣಿಗೆ ಇಳಿಸಿ, ಅಂದರೆ ಸುಮಾರು 4–5 ಸೆಂ.ಮೀ. ನೀರು ಕೇಳುವ ಗಿಡಕ್ಕೆ ಮೇಲಿನ 2 ಸೆಂ.ಮೀ. ಒಣಗಿದಾಗಲೇ ನೀರು ಕೊಡಿ. ರೋಸ್ಮೆರಿ, ಥೈಮ್‌ಗೆ ಬೆರಳಿನ ತುದಿಗೂ ತಂಪು ಸಿಗದಾಗ ಕೊಡಿ. ಕುಂಡ ಎತ್ತಿ ನೋಡುವ ಅಭ್ಯಾಸ ಇನ್ನೂ ಒಳ್ಳೆಯದು. ನೀರು ಹಾಕಿದ ತಕ್ಷಣ ಒಮ್ಮೆ, ಮರುದಿನ ಒಮ್ಮೆ ಎತ್ತಿ ನೋಡುತ್ತಾ ಬಂದರೆ ವಾರದಲ್ಲಿ ಕೈಗೇ ಲೆಕ್ಕ ಸಿಗುತ್ತದೆ.

ಹಾಕುವಾಗ ಪೂರ್ತಿ ಹಾಕಿ. ಕೆಳಗಿನ ತೂತಿನಿಂದ ಒಂದಿಷ್ಟು ಹರಿದು ಬರಬೇಕು. ದಿನವೂ ಅರ್ಧ ಲೋಟ ಚಿಮುಕಿಸಿದರೆ ಮೇಲ್ಪದರ ಮಾತ್ರ ಒದ್ದೆಯಾಗಿ, ತಳದ ಬೇರು ಒಣಗುತ್ತದೆ, ನೀರಿನ ಉಪ್ಪೆಲ್ಲ ಮಣ್ಣಲ್ಲೇ ಉಳಿಯುತ್ತದೆ. ತಟ್ಟೆಯಲ್ಲಿ ನಿಂತದ್ದನ್ನು ಅರ್ಧ ಗಂಟೆಯಲ್ಲಿ ಚೆಲ್ಲಿ. ಬೆಳಗಿನ ಹೊತ್ತು, ಎಲೆ ತೋಯಿಸದೆ ಬುಡಕ್ಕೆ ಹಾಕಿದರೆ ಎಲೆಯ ಶಿಲೀಂಧ್ರ ರೋಗಗಳೂ ಕಡಿಮೆ.

ಕೋಕೋಪೀಟ್ ಮಿಶ್ರಣ ಪೂರ್ತಿ ಒಣಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿದ್ದರೆ ಮೇಲಿಂದ ಹಾಕಿದ ನೀರು ಆ ಸಂದಿನಲ್ಲೇ ಇಳಿದು ಹೋಗುತ್ತದೆ. ತಟ್ಟೆ ತುಂಬಿದ್ದು ನೋಡಿ ಗಿಡ ಕುಡಿಯಿತು ಎಂದುಕೊಳ್ಳುತ್ತೇವೆ, ಮುದ್ದೆಯ ಒಳಗೆ ಧೂಳು! ಅಂಥ ಕುಂಡವನ್ನು ಬಕೆಟ್ ನೀರಿನಲ್ಲಿ 20–30 ನಿಮಿಷ ಕೂರಿಸಿ ಎತ್ತಿ.

ಕತ್ತರಿ

ಬೇಸಿಲ್ ದಂಟನ್ನು ಹತ್ತಿರದಿಂದ ನೋಡಿ. ಎಲೆಗಳು ಎದುರುಬದುರು ಜೋಡಿಯಾಗಿ ಹೊರಡುತ್ತವೆ. ಪ್ರತಿ ಎಲೆ ದಂಟಿಗೆ ಸೇರುವ ಕಂಕುಳಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಮೊಗ್ಗೊಂದು ಕೂತಿರುತ್ತದೆ. ದಂಟಿನ ತುದಿ ಇರುವವರೆಗೆ ಅದು ಮಲಗಿಯೇ ಇರುತ್ತದೆ, ಏಕೆಂದರೆ ತುದಿಯಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ಅದುಮಿಡುತ್ತದೆ. ತುದಿ ಕತ್ತರಿಸಿದರೆ ಆ ಜೋಡಿಯ ಎರಡೂ ಮೊಗ್ಗು ಎದ್ದು ಎರಡು ದಂಟಾಗುತ್ತವೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಗಿಡ ಪೊದೆಯಾಗುತ್ತದೆ.

ಹಾಗಾಗಿ ಗಿಡ 15 ಸೆಂ.ಮೀ. ಆಗಿ, ನಾಲ್ಕು ಜೋಡಿ ಎಲೆ ಬಂದಾಗ ಕೆಳಗಿನಿಂದ ಎರಡನೇ ಜೋಡಿಯ ಅರ್ಧ ಸೆಂ.ಮೀ. ಮೇಲೆ ಕತ್ತರಿಸಿ. ಮುಂದೆ ಪ್ರತಿ ದಂಟಿಗೂ ಎರಡು ಮೂರು ಜೋಡಿ ಎಲೆ ಬಂದಾಗ ಹೀಗೇ ಮಾಡಿ. ಕೆಳಗಿನ ದೊಡ್ಡ ಎಲೆಗಳನ್ನು ಒಂದೊಂದಾಗಿ ಕಿತ್ತು ತುದಿಯನ್ನು ಉಳಿಸುವುದು ತಲೆಕೆಳಗಾದ ಕೊಯ್ಲು. ಗಿಡ ಬೋಳು ಕೋಲಾಗಿ ಮೇಲೆ ಒಂದು ಗೊಂಚಲು ಮಾತ್ರ ಉಳಿಯುತ್ತದೆ. ತುದಿಯ ಎಲೆಗಳು ಚಿಕ್ಕದಾಗಿ, ಒತ್ತಾಗಿ, ಗೋಪುರದಂತೆ ಜೋಡಿಸಿಕೊಂಡರೆ ಹೂ ಬರುತ್ತಿದೆ ಎಂದರ್ಥ. ಅರಳುವ ಮೊದಲೇ ಅದರ ಕೆಳಗಿನ ಒಂದು ಜೋಡಿ ಎಲೆ ಸಮೇತ ತೆಗೆಯಿರಿ.

ಪುದೀನ, ಒರೆಗಾನೊಗೂ ಇದೇ ಕ್ರಮ. ಪುದೀನ ಬಡಕಲಾಗಿ ಉದ್ದವಾದರೆ ಮಣ್ಣಿನಿಂದ 3–4 ಸೆಂ.ಮೀ. ಬಿಟ್ಟು ಪೂರ್ತಿ ಬೋಳಿಸಿ, ಹೆದರಬೇಡಿ, ಬೇರಿನಿಂದ ಹೊಸ ಚಿಗುರು ಬರುತ್ತದೆ. ಪಾರ್ಸ್ಲಿ, ಕೊತ್ತಂಬರಿಯಲ್ಲಿ ಹೊಸ ಎಲೆ ಗಿಡದ ನಡುವಿನಿಂದ ಹುಟ್ಟುವುದರಿಂದ ಹೊರಸುತ್ತಿನ ದಂಟುಗಳನ್ನು ಬುಡದಿಂದ ಕತ್ತರಿಸಿ, ನಡುವಿನದನ್ನು ಬಿಡಿ. ಚೈವ್ಸ್ ಅನ್ನು ಮಣ್ಣಿನಿಂದ 3–5 ಸೆಂ.ಮೀ. ಮೇಲೆ ಹುಲ್ಲಿನಂತೆ ಕೊಯ್ಯಿರಿ, ತುದಿ ಮಾತ್ರ ಕತ್ತರಿಸಿದರೆ ಉಳಿದದ್ದು ಕಂದಾಗುತ್ತದೆ. ರೋಸ್ಮೆರಿಯಲ್ಲಿ ಹಸಿರು ಇರುವ ಭಾಗವನ್ನೇ ಕತ್ತರಿಸಿ. ಎಲೆಯಿಲ್ಲದ ಹಳೆಯ ಕಟ್ಟಿಗೆಗೆ ಕತ್ತರಿ ಹಾಕಿದರೆ ಅಲ್ಲಿಂದ ಮತ್ತೆ ಚಿಗುರುವುದು ಅಪರೂಪ. ಥೈಮ್ ಹೂ ಮುಗಿಸಿದ ಮೇಲೆ ಮೂರನೇ ಒಂದರಷ್ಟು ಸವರಿ.

ಯಾವ ಗಿಡದಿಂದಲೂ ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ, ಮೇಲೆ ಹೇಳಿದ ಪುದೀನದ ಬೋಳು, ಬೇಸಿಲ್‌ನ ತುದಿ ಕತ್ತರಿಸುವುದು, ಚೈವ್ಸ್ ಕೊಯ್ಲು ಬಿಟ್ಟು. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು ಕೊಯ್ದರೆ ಘಮ ಚೆನ್ನಾಗಿರುತ್ತದೆ.

ಗೊಬ್ಬರ

ಮಿಶ್ರಣದ ಕಾಂಪೋಸ್ಟ್ ಮೊದಲ 6–8 ವಾರಕ್ಕೆ ಸಾಕು. ಆಮೇಲೆ ನೀರು ಕೇಳುವ ಗುಂಪಿಗೆ ಎರಡು ಮೂರು ವಾರಕ್ಕೊಮ್ಮೆ, ಪೊಟ್ಟಣದಲ್ಲಿ ಹೇಳಿದ್ದರ ಅರ್ಧದಷ್ಟು ದ್ರವಗೊಬ್ಬರ. ಇನ್ನೊಂದು ಗುಂಪಿಗೆ ವರ್ಷಕ್ಕೆ ಒಂದೆರಡು ಸಲ ಮೇಲೊಂದು ತೆಳು ಪದರ ಕಾಂಪೋಸ್ಟ್, ಅಷ್ಟೇ. ಸಾರಜನಕ ಹೆಚ್ಚಾದರೆ ಎಲೆ ದೊಡ್ಡದಾಗಿ, ಕಡುಹಸಿರಾಗಿ ಕಣ್ಣಿಗೇನೋ ಹಬ್ಬ. ಆದರೆ ಘಮ ತೆಳುವಾಗುತ್ತದೆ, ಗಿಡಹೇನೂ ಬೇಗ ಮುತ್ತುತ್ತದೆ.

ಏನಾದರೂ ಕೆಟ್ಟರೆ

ಮಣ್ಣು ಒದ್ದೆಯಾಗಿಯೇ ಇದ್ದು ಗಿಡ ಬಾಡಿದ್ದರೆ ಬೇರು ಕೊಳೆತಿದೆ. ಕುಂಡದಿಂದ ಹೊರತೆಗೆದು ನೋಡಿ: ಒಳ್ಳೆಯ ಬೇರು ಬಿಳಿ, ಗಟ್ಟಿ. ಕೊಳೆತದ್ದು ಕಂದು, ಲೊಳಲೊಳ, ವಾಸನೆ. ಕೊಳೆತದ್ದನ್ನು ಕತ್ತರಿಸಿ, ಮೇಲಿನ ಎಲೆಯನ್ನೂ ಅದಕ್ಕೆ ತಕ್ಕಂತೆ ಕಡಿಮೆ ಮಾಡಿ, ಹೊಸ ಒಣ ಮಿಶ್ರಣದಲ್ಲಿ ಚಿಕ್ಕ ಕುಂಡಕ್ಕೆ ಹಾಕಿ. ಅರ್ಧಕ್ಕಿಂತ ಹೆಚ್ಚು ಕೊಳೆತಿದ್ದರೆ ಗಿಡದ ಆಸೆ ಬಿಟ್ಟು ಆರೋಗ್ಯವಾಗಿರುವ ತುದಿಗಳಿಂದ ಕಡ್ಡಿ ಮಾಡಿಕೊಳ್ಳಿ.

ಎಳೆ ಸಸಿಗಳು ಬುಡದಲ್ಲಿ ದಾರದಂತೆ ಸಣ್ಣಗಾಗಿ ಮಗುಚಿ ಬೀಳುವುದು ಸಸಿ ಕೊಳೆ ರೋಗ. ಬಿದ್ದವು ಏಳುವುದಿಲ್ಲ. ಬಿತ್ತನೆ ವಿರಳವಾಗಿರಲಿ, ಗಾಳಿಯಾಡಲಿ, ಹಳೆಯ ಮಣ್ಣನ್ನು ಬೀಜಕ್ಕೆ ಬಳಸಬೇಡಿ. ಒದ್ದೆ ಮಣ್ಣಿನ ಮೇಲೆ ಹಾರಾಡುವ ಸಣ್ಣ ಕಪ್ಪು ನೊಣಗಳೂ ನೀರು ಹೆಚ್ಚಾದದ್ದರ ಗುರುತೇ. ಮೇಲ್ಪದರ ಒಣಗಲು ಬಿಡಿ.

ಚಿಗುರಿನಲ್ಲಿ ಅಂಟಂಟು, ಎಲೆ ಮುದುಡಿದ್ದು, ಇರುವೆಗಳ ಸಾಲು ಕಂಡರೆ ಗಿಡಹೇನು. ಮೊದಲು ನೀರನ್ನು ಜೋರಾಗಿ ಹಾಯಿಸಿ, ಎಲೆಯ ಕೆಳಗಿನಿಂದ, ಎರಡು ದಿನಕ್ಕೊಮ್ಮೆ ಮೂರು ಸಲ. ಹೋಗದಿದ್ದರೆ 1 ಲೀಟರ್ ನೀರಿಗೆ 5 ಮಿ.ಲೀ. ಸೌಮ್ಯವಾದ ದ್ರವ ಸೋಪು ಬೆರೆಸಿ ಸಂಜೆ ಸಿಂಪಡಿಸಿ, ಒಂದೆರಡು ಗಂಟೆ ಬಿಟ್ಟು ತೊಳೆಯಿರಿ. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಡುತ್ತದೆ. ಮೊದಲು ಒಂದು ಎಲೆಯಲ್ಲಿ ಪರೀಕ್ಷಿಸಿ, ಸೋಪು ತಾಗಬೇಕಾದ್ದು ಹುಳಕ್ಕೇ. ಎಲೆ ಮೇಲೆ ಸೂಜಿಮೊನೆಯಷ್ಟು ಬಿಳಿಚುಕ್ಕೆ, ಕೆಳಗೆ ನವಿರಾದ ಬಲೆ ಇದ್ದರೆ ನುಸಿ. ಒಣಹವೆಯಲ್ಲಿ ಹೆಚ್ಚು, ಮದ್ದು ಅದೇ. ಪುದೀನದ ಎಲೆಯ ಕೆಳಗೆ ಕಿತ್ತಳೆ ಪುಡಿ ಕಂಡರೆ ತುಕ್ಕು ರೋಗ. ಬುಡಕ್ಕೆ ಕತ್ತರಿಸಿ, ಕತ್ತರಿಸಿದ್ದನ್ನು ಕಾಂಪೋಸ್ಟ್‌ಗೆ ಹಾಕದೆ ಎಸೆಯಿರಿ. ಬೇಸಿಲ್ ಎಲೆ ನರಗಳ ನಡುವೆ ಹಳದಿಯಾಗಿ, ಕೆಳಗೆ ಬೂದು ಬೂಷ್ಟು ಬಂದರೆ ಆ ಗಿಡವನ್ನು ಇಟ್ಟುಕೊಂಡು ಕೂರಬೇಡಿ, ಪಕ್ಕದವಕ್ಕೂ ಹರಡುತ್ತದೆ.

ಬೇಸಿಲ್ ಎಲೆ ರಾತ್ರೋರಾತ್ರಿ ಕಪ್ಪಾದರೆ ರೋಗವಲ್ಲ, ಚಳಿ. ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯುವ ರಾತ್ರಿ ಒಳಗಿಡಿ. ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಉಪ್ಪು. ಕುಂಡದ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಹಾಯಿಸಿ ತೊಳೆಯಿರಿ.

ಹೂಗಿಡಗಳಿಗೆಂದು ಮಾರುವ ಕೀಟನಾಶಕವನ್ನು ತಿನ್ನುವ ಸೊಪ್ಪಿಗೆ ಹೊಡೆಯಬೇಡಿ. ಖಾದ್ಯ ಬೆಳೆಗೆ ಎಂದು ಲೇಬಲ್‌ನಲ್ಲಿ ಇದ್ದರೆ ಮಾತ್ರ, ಅದರಲ್ಲಿ ಹೇಳಿದಷ್ಟು ದಿನ ಕಾದು ಕೊಯ್ಯಿರಿ.

ಅಡುಗೆಗೆ

ಗಟ್ಟಿ ಎಲೆ ಮೊದಲಿಗೆ, ಮೆತ್ತನೆಯ ಎಲೆ ಕೊನೆಗೆ. ರೋಸ್ಮೆರಿ, ಥೈಮ್, ಸೇಜ್‌ನ ಘಮ ನಿಧಾನವಾಗಿ ಬಿಡುತ್ತದೆ, ಕುದಿತಕ್ಕೂ ನಿಲ್ಲುತ್ತದೆ. ಕೊತ್ತಂಬರಿ, ಬೇಸಿಲ್, ಸಬ್ಬಸಿಗೆ, ಚೈವ್ಸ್‌ನ ಘಮ ಹಬೆಯೊಡನೆ ಹಾರಿಹೋಗುತ್ತದೆ, ಆದ್ದರಿಂದ ಒಲೆ ಆರಿಸಿದ ಮೇಲೆ ಹಾಕಿ. ಕೊತ್ತಂಬರಿಯ ದಂಟು ಎಸೆಯಬೇಡಿ, ರುಚಿ ಅದರಲ್ಲೂ ಇದೆ. ಸಣ್ಣಗೆ ಹೆಚ್ಚಿ ಮೊದಲು ದಂಟು, ಕೊನೆಗೆ ಎಲೆ ಹಾಕಿ. ಕೆಲವರಿಗೆ ಕೊತ್ತಂಬರಿ ಸೋಪಿನಂತೆ ರುಚಿಸುವುದು ಬರೀ ಹಟವಲ್ಲ, ಅದರಲ್ಲಿನ ಆಲ್ಡಿಹೈಡ್ ಎಂಬ ರಾಸಾಯನಿಕಗಳ ವಾಸನೆಯನ್ನು ಹಿಡಿಯುವ ವಂಶವಾಹಿಗೂ ಅದಕ್ಕೂ ನಂಟಿದೆ. ಅವರ ತಟ್ಟೆಗೆ ಪಾರ್ಸ್ಲಿ ಹಾಕಿ.

ಸೊಪ್ಪನ್ನು ತೊಳೆದು, ಬಟ್ಟೆಯ ಮೇಲೆ ಹರಡಿ ನೀರು ಆರಿಸಿಯೇ ಹೆಚ್ಚಿ. ಚಾಕು ಹರಿತವಾಗಿರಲಿ. ಮೊಂಡು ಚಾಕು ಎಲೆಯನ್ನು ಜಜ್ಜುತ್ತದೆ, ರಸ ಹಲಗೆಗೆ ಹೋಗುತ್ತದೆ, ಅಂಚು ಕಪ್ಪಾಗುತ್ತದೆ. ಪುದೀನದ ಕಷಾಯಕ್ಕೆ 200 ಮಿ.ಲೀ. ಬಿಸಿನೀರಿಗೆ 8–10 ಎಲೆ, ಮುಚ್ಚಿಟ್ಟು 5 ನಿಮಿಷ. ಮುಚ್ಚದಿದ್ದರೆ ಘಮ ಕೋಣೆಗೆ, ಬಿಸಿನೀರು ನಮಗೆ.

ಕೂಡಿಡುವುದು

ಕೊತ್ತಂಬರಿ, ಪಾರ್ಸ್ಲಿ, ಪುದೀನದ ದಂಟಿನ ತುದಿ ಕತ್ತರಿಸಿ, 2–3 ಸೆಂ.ಮೀ. ನೀರಿರುವ ಲೋಟದಲ್ಲಿ ನಿಲ್ಲಿಸಿ, ಮೇಲೆ ಸಡಿಲವಾಗಿ ಕವರ್ ಮುಚ್ಚಿ ಫ್ರಿಜ್‌ನಲ್ಲಿಡಿ. ಬೇಸಿಲ್ ಅನ್ನು ಹಾಗೆಯೇ ಲೋಟದಲ್ಲಿ, ಆದರೆ ಫ್ರಿಜ್‌ನ ಹೊರಗೆ. ಥೈಮ್, ರೋಸ್ಮೆರಿಯನ್ನು ತುಸುವೇ ತೇವದ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಒಂದೆರಡು ವಾರ ಬರುತ್ತದೆ.

ಹೆಚ್ಚಾದ ಮೆತ್ತನೆಯ ಸೊಪ್ಪನ್ನು ಒಣಗಿಸಿ ಹುಲ್ಲು ಮಾಡುವುದಕ್ಕಿಂತ ಹೆಚ್ಚಿ, ಐಸ್ ಟ್ರೇಯಲ್ಲಿ ತುಂಬಿ, ಮುಳುಗುವಷ್ಟು ನೀರು ಇಲ್ಲವೇ ಎಣ್ಣೆ ಹಾಕಿ ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ತುಂಡುಗಳನ್ನು ಚೀಲಕ್ಕೆ ಹಾಕಿ ಹೆಸರು, ದಿನಾಂಕ ಬರೆಯಿರಿ, ಹೆಪ್ಪುಗಟ್ಟಿದ ಮೇಲೆ ಎಲ್ಲ ಹಸಿರೂ ಒಂದೇ ಥರ ಕಾಣುತ್ತದೆ. ಹಸಿ ಸೊಪ್ಪು ಅಥವಾ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಮಾತ್ರ ಇಡಬೇಡಿ. ಗಾಳಿಯಿಲ್ಲದ ಎಣ್ಣೆಯೊಳಗೆ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ಬೆಳೆದು ಜೀವಕ್ಕೇ ಕುತ್ತು ತರುವ ವಿಷ ಉಂಟುಮಾಡಬಲ್ಲದು, ಅದು ವಾಸನೆಯಿಂದಲೂ ರುಚಿಯಿಂದಲೂ ತಿಳಿಯುವುದಿಲ್ಲ. ಫ್ರಿಜ್‌ನಲ್ಲಿಟ್ಟು 4 ದಿನದೊಳಗೆ ಮುಗಿಸಿ, ಇಲ್ಲವೇ ಫ್ರೀಜರ್‌ಗೆ ಹಾಕಿ.

ಒಣಗಿಸಲು ಹೇಳಿ ಮಾಡಿಸಿದವು ಒರೆಗಾನೊ, ಥೈಮ್, ರೋಸ್ಮೆರಿ, ಸೇಜ್. ಐದಾರು ದಂಟಿನ ಸಣ್ಣ ಕಟ್ಟು ಮಾಡಿ, ಬಿಸಿಲು ತಾಗದ, ಗಾಳಿಯಾಡುವ ಕಡೆ ತಲೆಕೆಳಗಾಗಿ ಒಂದೆರಡು ವಾರ ನೇತುಹಾಕಿ. ಕಟ್ಟು ದಪ್ಪವಾದರೆ ನಡುವೆ ಬೂಷ್ಟು ಹಿಡಿಯುತ್ತದೆ. ಬೆರಳಲ್ಲಿ ಹಿಡಿದರೆ ಎಲೆ ಪುಡಿಯಾಗುವಷ್ಟು ಒಣಗಬೇಕು. ಆದರೆ ಆಗಲೇ ಪುಡಿ ಮಾಡದೆ ಇಡಿಯಾಗಿಯೇ ಡಬ್ಬಿಗೆ ತುಂಬಿ, ಬಳಸುವಾಗ ಉಜ್ಜಿ. ಅಡುಗೆಯಲ್ಲಿ 3 ಚಮಚ ಹಸಿ ಸೊಪ್ಪಿನ ಜಾಗಕ್ಕೆ ಒಣಗಿದ್ದು 1 ಚಮಚ ಸಾಕು. ತುಂಬಿದ ಮೊದಲ ವಾರ ಗಾಜಿನ ಡಬ್ಬಿಯ ಒಳಮೈಯನ್ನು ದಿನಕ್ಕೊಮ್ಮೆ ನೋಡುತ್ತಿರಿ. ಹನಿ ಕಟ್ಟಿದ್ದು ಕಂಡರೆ ಎಲ್ಲ ಸುರಿದು ಇನ್ನೆರಡು ದಿನ ಒಣಗಿಸಿ.